ಹೀಟರಿನ ಎರಡನೇ ಸ್ಪೀಡು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ಇನ್ನೂ ತಿಳಿದಿಲ್ಲ. ಮೊದಲ ಡ್ರಾಫ್ಟು ಹೀಗಿತ್ತು: ‘ಧಾರವಾಡದ ಮೇಲೆ ಜನವರಿಯ ಮಂಜು ಮೌನದ ಶಾಲು ಹೊದಿಸಿತ್ತು.’ ಓದಿ ನನಗೇ ನಾಚಿಕೆಯಾಗಿ ಹರಿದು ಹಾಕಿದೆ. (ಹರಿದು ಹಾಕಿದೆ ಅನ್ನುವುದು ಸುಮ್ಮನೆ ಮಾತಿಗೆ. ಲ್ಯಾಪ್‌ಟಾಪಿನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದೆ. ಅದರಲ್ಲಿ ಹರಿದ ಸುಖ ಸಿಗುವುದಿಲ್ಲ.)

ಎರಡನೇ ಡ್ರಾಫ್ಟಿನಲ್ಲಿ ಕಾರೇ ಮಾತಾಡುತ್ತಿತ್ತು. ‘ನಾನೊಂದು ಹಳೆಯ ಕಾರು’ ಎಂದು ಶುರುವಾಗಿ, ಎರಡನೇ ಪ್ಯಾರಾಕ್ಕೆ ಹೈಸ್ಕೂಲಿನ ಪ್ರಬಂಧವಾಯಿತು. ಅದೂ ಹೋಯಿತು.

ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಮಾಳಮಡ್ಡಿಯ ಏಕನಾಥರಾಯರು ವಿಮಾ ಕಚೇರಿಯಿಂದ ನಿವೃತ್ತರಾದವರು. ಹೆಂಡತಿ ಸುಲಭಾಬಾಯಿ ಹಾಡುವವರು. ಮನೆಯಲ್ಲಿ ಒಂದು ಹಳೆಯ ಕಾರಿದೆ, ಅದರ ಹೀಟರ್ ಕೆಟ್ಟಿದೆ. ರಾಯರು ತಾವೇ ರಿಪೇರಿ ಮಾಡಲು ಹೊರಟಿದ್ದಾರೆ. ಇಷ್ಟೇ ಕಥೆ.

“ಇಷ್ಟ ಅಂದ್ರ ಹೆಂಗ್ರೀ ಲೇಖಕರ?” ಎಂದು ಕಾರಿನೊಳಗಿಂದ ದನಿ ಬಂತು. ರಾಯರು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ್ದರು. ತಲೆ ಕ್ಲಚ್ಚಿನ ಹತ್ತಿರ, ಕಾಲು ಬಾಗಿಲ ಹೊರಗೆ, ಬಾಯಲ್ಲಿ ಟಾರ್ಚು. “ಯಾಕ ರಿಪೇರಿ ಮಾಡ್ಲಿಕತ್ತೇನಿ ಅನ್ನೋದು ಹೇಳ್ರಿ. ಇಲ್ಲಾಂದ್ರ ಓದೋರು ನನ್ನ ಹುಚ್ಚ ಅಂತ ತಿಳ್ಕೋತಾರ.”

“ಟಾರ್ಚ್ ಬಾಯಾಗ ಇಟ್ಗೊಂಡು ಇಷ್ಟ ಸ್ಪಷ್ಟ ಹೆಂಗ ಮಾತಾಡಿದ್ರಿ?” ಎಂದೆ.

“ಅದು ನಿಮ್ಮ ತಪ್ಪು. ಬರದವ್ರು ನೀವು.”

2

ಯಾಕೆ ಅಂದರೆ, ಸುಲಭಾಬಾಯಿಗಾಗಿ.

ಮಾಳಮಡ್ಡಿಯಲ್ಲಿ ಮನೆಯ ಕಿಟಕಿ ತೆರೆದು ಹಾಡಿದರೆ ಓಣಿಯ ಅಭಿಪ್ರಾಯ ಕೂಡಲೇ ಒಳಗೆ ಬರುತ್ತದೆ. ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದವರು ‘ನಿಷಾದ ಸ್ವಲ್ಪ ಏರಸ್ರಿ’ ಅನ್ನುತ್ತಾರೆ. ಕಾಯಿಪಲ್ಯದವಳು ತಕ್ಕಡಿ ಎತ್ತಿ ಹಿಡಿದವಳು ಹಾಡಿನ ತಾನ ಮುಗಿಯುವ ತನಕ ಇಳಿಸುವುದಿಲ್ಲ. ಪಕ್ಕದ ಮನೆಯ ಹೊಳೆಯಪ್ಪ ಮಾಸ್ತರರ ಮಾತಂತೂ ಬೇಡ. ನಿವೃತ್ತ ಗಣಿತದ ಮಾಸ್ತರರು. ಸ್ವತಃ ಹಾಡಲು ಬಾರದು, ಆದರೆ ಕಿವಿ ಅಂದರೆ ಕಿವಿ. ಯಾರೇ ಹಾಡಲಿ, ಕಂಪೌಂಡಿನಾಚೆಯಿಂದ ತಿದ್ದುತ್ತಾರೆ. ಒಮ್ಮೆ ಪಾತ್ರೆ ಮಾರುವವನ ಕೂಗನ್ನೂ ತಿದ್ದಿದ್ದರು.

ಹಿಂದಿನ ವರ್ಷ ಸುಲಭಾಬಾಯಿಯ ಗಂಟಲಿಗೆ ಆಪರೇಶನ್ ಆಯಿತು. ಗಡ್ಡೆ ಹೋಯಿತು, ಜೀವಕ್ಕೇನೂ ಆಗಲಿಲ್ಲ, ಧ್ವನಿ ಮಾತ್ರ ಒಡೆಯಿತು. ಸಲೀಸಾಗಿ ಮೇಲಿನ ಷಡ್ಜಕ್ಕೆ ಏರುತ್ತಿದ್ದದ್ದು ಈಗ ಅರ್ಧ ದಾರಿಯಲ್ಲೇ ಕೆಮ್ಮಿ ಕೂಡುತ್ತಿತ್ತು. ‘ಗಂಟಲು ಬೆಚ್ಚಗಿಡಿ, ಕೆಳಗಿನ ಸ್ವರಗಳಿಂದ ಶುರು ಮಾಡಿ, ನಿಧಾನಕ್ಕೆ ಬರುತ್ತದೆ’ ಎಂದರು ಡಾಕ್ಟರು. ಆದರೆ ಆ ಒಡಕು ಧ್ವನಿಯನ್ನು ಮಾಳಮಡ್ಡಿಯ ಕಿವಿಗೆ ಹಾಕಲು ಬಾಯಿಯವರಿಗೆ ಮನಸ್ಸಿರಲಿಲ್ಲ. ತಂಬೂರಿಗೆ ಗವಸು ತೊಡಿಸಿ ಮೂಲೆಗಿಟ್ಟರು.

ಚಳಿ ಬಿದ್ದ ಮೇಲೆ ಅವರಿಗೇ ಒಂದು ಉಪಾಯ ಹೊಳೆಯಿತು. ನಸುಕಿನಲ್ಲಿ ರಾಯರು ಕಾರನ್ನು ಕೆಲಗೇರಿ ಕೆರೆಯ ದಂಡೆಗೆ ಒಯ್ಯಬೇಕು. ಅಲ್ಲಿ ರಾಯರು ಇಳಿದು ದೂರ ಹೋಗಬೇಕು. ಬಾಯಿಯವರು ಗಾಜುಗಳನ್ನೆಲ್ಲ ಏರಿಸಿ, ಹೀಟರನ್ನು ಎರಡನೇ ಸ್ಪೀಡಿಗೆ ಇಟ್ಟು, ಬೆಚ್ಚಗೆ ಕೂತು ಕೆಳಗಿನ ಷಡ್ಜ ಹಿಡಿಯುವುದು. ರಾಯರು ಮಂಕಿ ಕ್ಯಾಪ್ ಎಳೆದುಕೊಂಡು ದಂಡೆಯ ಮೇಲೆ ಅಡ್ಡಾಡುವುದು. ಅವರಿಗೂ ಕೇಳಿಸಕೂಡದು ಎನ್ನುವುದು ಕಟ್ಟಪ್ಪಣೆ. ಮದುವೆಯಾದಂದಿನಿಂದ ಕೇಳುತ್ತ ಬಂದ ಧ್ವನಿಯನ್ನು ರಾಯರು ಆಪರೇಶನ್ ಆದಾಗಿನಿಂದ ಕೇಳಿಲ್ಲ. ಮಂಜು ಹಿಡಿದ ಗಾಜಿನ ಹಿಂದೆ ತುಟಿ ಅಲುಗುವುದನ್ನು ಮಾತ್ರ ನೋಡಿದ್ದಾರೆ. ಇದರಿಂದ ಅವರಿಗೆ ಬಹಳ ಸಂಕಟವಾಗಿದೆ. ಯಾರ ಮುಂದೆಯೂ ಹೇಳಿಲ್ಲ.

(“ಮತ್ತ ನಿಮಗ ಹೆಂಗ ಗೊತ್ತಾತು?” ಎಂದು ರಾಯರು ಕಾರಿನೊಳಗಿಂದ ಕೇಳಿದರು. ಬರೆದವನು ನಾನು ಎಂದು ನೆನಪಿಸಿದೆ. ಮತ್ತೆ ಟಾರ್ಚು ಬಾಯಿಗೆ ಇಟ್ಟುಕೊಂಡರು.)

ಮೊನ್ನೆ ನಸುಕಿನಲ್ಲಿ ಕಾರಿನೊಳಗೆ ಸಿಹಿಸಿಹಿ ವಾಸನೆ ಎದ್ದು, ಗಾಜಿಗೆಲ್ಲ ಹಬೆ ಕಟ್ಟಿ, ಬಾಯಿಯವರ ಕಾಲ ಮೇಲೆ ಹಸಿರು ಬಿಸಿನೀರು ಸುರಿಯಿತು. ಸೀರೆ ಎತ್ತಿ ಹಿಡಿದು ಕೆಳಗಿಳಿದರು.

“ನಿಮ್ಮ ಗಾಡೀಗೂ ಗಂಟಲಾ ಕೆಟ್ಟದ ನೋಡ್ರಿ,” ಎಂದು ನಕ್ಕರು. ಆಮೇಲೆ ಕೆರೆಯ ಕಡೆ ನೋಡುತ್ತ, “ಇರ್ಲಿ ಬಿಡ್ರಿ. ಸಾಕಿನ್ನ,” ಎಂದರು.

ಆ ‘ಸಾಕಿನ್ನ’ ಕಾರಿಗೆ ಹೇಳಿದ್ದಲ್ಲ ಎಂದು ರಾಯರಿಗೆ ತಿಳಿಯಿತು. ಚಳಿ ಮುಗಿಯುವುದರೊಳಗೆ ಹೀಟರ್ ಸರಿಯಾಗದಿದ್ದರೆ ತಂಬೂರಿಯ ಗವಸು ಇನ್ನು ಎಂದೂ ತೆಗೆಯುವುದಿಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಈಗ ತಿಳಿಯಿತೇ, ಯಾಕೆ ಅಂತ?

3

ಹೀಟರ್ ಕಾಯಿಲ್ ಅಂದರೆ ಡ್ಯಾಶ್‌ಬೋರ್ಡಿನ ಹಿಂದೆ ಯಾರ ಕೈಗೂ ಸಿಗದ ಜಾಗದಲ್ಲಿ ಅವಿತಿರುವ ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿನೀರು ಅದರೊಳಗೆ ಸುತ್ತುತ್ತದೆ, ಫ್ಯಾನು ಅದರ ಮೇಲೆ ಗಾಳಿ ಊದುತ್ತದೆ, ಕೂತವರ ಕಾಲಿಗೆ ಬೆಚ್ಚನೆಯ ಗಾಳಿ ಬರುತ್ತದೆ. ಯೂಟ್ಯೂಬಿನ ಬ್ರಿಟಿಷ್ ಮನುಷ್ಯನೊಬ್ಬ ಇದಕ್ಕೆ ‘ಹೀಟರ್ ಮ್ಯಾಟ್ರಿಕ್ಸ್’ ಅನ್ನುತ್ತಾನೆ. ಆ ವಿಡಿಯೋದಲ್ಲಿ ಅವನು ಮೊದಲು ನಗುತ್ತಾನೆ, ನಡುವೆ ಬೈಯುತ್ತಾನೆ, ಕೊನೆಗೆ ಸುಮ್ಮನೆ ನೆಲದ ಮೇಲೆ ಕೂತಿರುತ್ತಾನೆ. ರಾಯರು ಅದನ್ನು ಪೂರ್ತಿ ನೋಡಿಯೂ ಧೈರ್ಯ ಬಿಡಲಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ಹಳೆಯ ಕಾರುಗಳ ಸಾಮಾನು ಮಾರುವ ಉಸ್ಮಾನಸಾಬರ ಅಂಗಡಿಗೆ ಹೋದರು.

“ಹುಬ್ಬಳ್ಳ್ಯಾಗ ಹೀಟರ್ ಯಾಕ ಬೇಕ್ರೀ ಸರ?” ಎಂದರು ಉಸ್ಮಾನಸಾಬರು. “ಹೊರಗ ಐತಲ್ರೀ!”

“ನಾವು ಧಾರವಾಡದವ್ರು,” ಎಂದರು ರಾಯರು, ಕಾಶ್ಮೀರದವರು ಎಂಬಷ್ಟು ಗಂಭೀರವಾಗಿ.

“ಎರಡೂ ಪೈಪ್ ತಗದು ಒಂದಕ್ಕೊಂದು ಜೋಡಸ್ರಿ, ಒಂದ್ ಕ್ಲಿಪ್ ಬಿಗೀರಿ, ಹೀಟರಿನ ಕಥಿ ಖತಂ. ಈ ಊರಾಗ ಎಲ್ಲಾರೂ ಹಂಗ ಮಾಡ್ತಾರ.”

ನನಗೆ ಈ ಉಪಾಯ ಬಹಳ ಹಿಡಿಸಿತು. ಎರಡು ಪೈಪು ಜೋಡಿಸಿಬಿಟ್ಟರೆ ಕಥೆ ಇಲ್ಲೇ ಮುಗಿಯುತ್ತದೆ, ನಾನು ಎದ್ದು ಚಹಾ ಕುಡಿಯಬಹುದು. ರಾಯರ ಕಿವಿಯಲ್ಲಿ ಹೇಳಿಯೂ ನೋಡಿದೆ.

“ಅದಕ್ಕ ನಿಮ್ಮ ಕಾದಂಬರಿ ಎಲ್ಲಾ ಅರ್ಧಕ್ಕ ನಿಂತಾವ,” ಎಂದರು. ಮುಖಕ್ಕೆ ಹೊಡೆದ ಹಾಗಾಯಿತು. ನನ್ನ ಕಾದಂಬರಿಗಳ ಸುದ್ದಿ ಇವರಿಗೆ ಯಾರು ಹೇಳಿದರೋ!

ಕೊನೆಗೆ ಉಸ್ಮಾನಸಾಬರು ಒಳಗಿನಿಂದ ಅದೇ ಮಾದರಿಯ ಕಾಯಿಲ್ ಹುಡುಕಿ ತಂದರು. ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಒಂದು ತುದಿ ಮುಚ್ಚಿ, ಇನ್ನೊಂದರಿಂದ ಊದಿದರು. ಗುಳ್ಳೆ ಏಳಲಿಲ್ಲ. ರಾಯರು ಅದನ್ನು ಪಂಚೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಧಾರವಾಡಕ್ಕೆ ಬಂದರು. ಪಕ್ಕದ ಸೀಟಿನ ಹೆಣ್ಣುಮಗಳು ಕೂಸಿರಬೇಕೆಂದು ಇಣುಕಿ ನೋಡಿದಳು.

5

(ನಾಲ್ಕನೇ ಭಾಗ ಈಗ ಇಲ್ಲೇ ಇತ್ತು. ಕೈಜಾರಿ ಎಲ್ಲೋ ಉರುಳಿದೆ. ಸದ್ಯಕ್ಕೆ ಅದಿಲ್ಲದೆಯೂ ಕಥೆ ನಡೆಯುತ್ತದೆ, ಮುಂದೆ ಹೋಗೋಣ.)

ರಾಯರು ಬಿಚ್ಚುವುದರಲ್ಲಿ ಗಟ್ಟಿಗರು. ಜೋಡಿಸುವುದರಲ್ಲಿ ಅವರ ಹೆಸರು ಅಷ್ಟು ಛಲೋ ಇಲ್ಲ. ಅವರು ರಿಪೇರಿ ಮಾಡಿದ ಮೇಲೆ ಮನೆಯಲ್ಲಿ ಅಂಗಳದ ಲೈಟು ಹಾಕಿದರೆ ಕರೆಗಂಟೆ ಹೊಡೆಯುತ್ತದೆ, ಕರೆಗಂಟೆ ಒತ್ತಿದರೆ ಅಂಗಳದ ಲೈಟು ಹತ್ತುತ್ತದೆ. ಬಂದವರು ಬಾಗಿಲಲ್ಲಿ ಬೆಳಕಿನಲ್ಲಿ ನಿಂತು ಕೂಗಬೇಕು. ಮನೆಯವರಿಗೆ ರೂಢಿಯಾಗಿದೆ.

ಸ್ಟಿಯರಿಂಗ್ ಇಳಿಯಿತು. ಮೀಟರು ಹೊರಗೆ ಬಂತು. ಡ್ಯಾಶ್‌ಬೋರ್ಡು ಇಡಿಯಾಗಿ ಕಿತ್ತು ಬಂದು ಪಡಸಾಲೆಯ ಸೋಫಾದ ಮೇಲೆ ಅತಿಥಿಯ ಹಾಗೆ ಕೂತಿತು. ಸ್ಕ್ರೂಗಳು ಕಲಬೆರಕೆಯಾಗಬಾರದೆಂದು ರಾಯರು ಅಡುಗೆಮನೆಯಿಂದ ಮಸಾಲೆ ಡಬ್ಬಿ ತಂದಿದ್ದರು. ಅದರಲ್ಲಿ ಬಟ್ಟಲು ಬಟ್ಟಲು ಬೇರೆ ಇರುತ್ತವಲ್ಲ! ಸಾಸಿವೆಯ ಬಟ್ಟಲಿನಲ್ಲಿ ಸಣ್ಣವು, ಮೆಂತ್ಯದ್ದರಲ್ಲಿ ಉದ್ದನೆಯವು.

ತೊಂದರೆ ಏನೆಂದರೆ, ಸಾಸಿವೆ ಮೆಂತ್ಯ ಅವುಗಳೊಳಗೇ ಇದ್ದವು.

“ಏನ್ರೀ!” ಎಂದು ಒಳಗಿಂದ ಬಾಯಿಯವರ ದನಿ. ಒಗ್ಗರಣೆಯಲ್ಲಿ ಸಾಸಿವೆ ಚಟಪಟ ಅನ್ನುತ್ತಿತ್ತು, ಒಂದು ಮಾತ್ರ ಠಣ್ ಅನ್ನುತ್ತಿತ್ತು.

ಇರಲಿ. ಈಗ ಕಥೆಯ ಮುಖ್ಯ ಘಟ್ಟ. ಡ್ಯಾಶ್‌ಬೋರ್ಡಿನ ಹಿಂದಿನ ಕತ್ತಲಲ್ಲಿ ರಾಯರು ಕೈಹಾಕುತ್ತಾರೆ. ಅಲ್ಲಿ ಅವರಿಗೆ ಒಂದು ಹಳೆಯ ಪತ್ರ ಸಿಗುತ್ತದೆ ಎಂದು ಬರೆದಿದ್ದೆ. ನೀಲಿ ಶಾಯಿ, ಮಡಿಕೆಯಲ್ಲಿ ಹರಿದದ್ದು, ಓದಿದವರ ಕಣ್ಣು ತುಂಬುವಂಥದ್ದು.

“ಪತ್ರ ಗಿತ್ರ ಏನೂ ಇಲ್ಲರೀ,” ಎಂದರು ರಾಯರು.

“ಇನ್ನೊಮ್ಮೆ ನೋಡ್ರಿ. ನಾ ಇಟ್ಟೇನಿ.”

“ಒಂದು ಸತ್ತ ಜೊಂಡಿಗ್ಯಾ ಅದ. ಮತ್ತ… ಅಯ್ಯಯ್ಯ, ಇದೇನ್ರೀ ಇದು!”

ಫ್ಯಾನಿನ ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ತಡ, ಒಣಗಿದ ಎಲೆಗಳು ದಬದಬ ಸುರಿದವು. ಬನ್ನಿ! ದಸರೆಯ ಸಂಜೆ ‘ಬನ್ನಿ ತಗೊಂಡು ಬಂಗಾರಧಂಗ ಇರೂಣು’ ಎಂದು ಮನೆಮನೆಗೆ ಹೋಗಿ ಕೈಗೆ ಕೈ ಬದಲಿಸುತ್ತೇವಲ್ಲ, ಆ ಬನ್ನಿ. ಪ್ರತಿ ವರ್ಷ ಅಷ್ಟೂ ಮನೆಯವರು ಕೊಟ್ಟದ್ದನ್ನು ರಾಯರು ಕಾರಿನ ಮುಂದಿನ ಗಾಜಿನ ಬುಡದಲ್ಲಿ ಇಡುತ್ತ ಬಂದಿದ್ದರು. ಅದು ಗಾಳಿ ಬರುವ ಸಂದುಗಳಿಂದ ಒಳಗೆ ಉದುರುತ್ತ ಹೋಗಿತ್ತು. ಧಾರವಾಡದ ಅರ್ಧ ಬಂಗಾರ ಅಲ್ಲಿತ್ತು.

ಬನ್ನಿಯನ್ನು ಕಸಕ್ಕೆ ಹಾಕುವುದುಂಟೇ! ರಾಯರು ಒಂದು ಪಾತೇಲಿಯಲ್ಲಿ ತುಂಬಿ ತುಳಸಿಕಟ್ಟೆಯ ಪಕ್ಕ ಇಟ್ಟರು. ಫ್ಯಾನಿಗೆ ಸಿಕ್ಕಿಕೊಂಡಿದ್ದ ಕಡ್ಡಿಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತರು, ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕಿದರು, ಎಣ್ಣೆ ಬಿಟ್ಟರು. ಫ್ಯಾನು ಲಕಲಕ ಹೊಳೆಯಿತು.

ಓದುಗರೇ, ಅವರು ಮಾಡಿದ ತಪ್ಪು ಇದು. ಆಗ ನನಗೂ ತಿಳಿಯಲಿಲ್ಲ, ನೋಡುತ್ತ ನಿಂತಿದ್ದೆ.

6

ಕಾಯಿಲ್ ಕೂತಿತು. ಪೈಪು ಬಿಗಿಯಾದವು. ಡ್ಯಾಶ್‌ಬೋರ್ಡು ಸೋಫಾ ಬಿಟ್ಟು ಮನಸ್ಸಿಲ್ಲದ ಮನಸ್ಸಿನಿಂದ ಕಾರಿಗೆ ಮರಳಿತು. ಹಸಿರು ಕೂಲಂಟ್ ನೀರು ತುಂಬಿ, ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಿ, ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಬುಳುಬುಳು ಹೊರಟುಹೋಗುವ ತನಕ ಕಾದರು. ಒಂದು ಹನಿ ಸೋರಲಿಲ್ಲ. ಮೆಂತ್ಯದ ಬಟ್ಟಲಿನಲ್ಲಿ ಒಂದಿಷ್ಟು ಸ್ಕ್ರೂ ಉಳಿದವು. ಅವನ್ನು ರಾಯರು ‘ಕಂಪನಿಯವರು ಹೆಚ್ಚಿಗೆ ಹಾಕಿದ್ದು’ ಎಂದು ನಿರ್ಧರಿಸಿದರು.

ಹೀಟರ್ ಹಾಕಿದರೆ ಬಿಸಿ ಗಾಳಿ ಬಂತು. ಸದ್ದೇ ಇಲ್ಲ. ಹೊಸ ಕಾರಿನ ಹಾಗೆ.

“ಸುಲಭಾ! ಬಾ, ಕೂತ್ ನೋಡು!” ಎಂದು ರಾಯರು ಕೂಗಿದರು. ಅವರ ಮೀಸೆಯ ಮೇಲೆ ಗ್ರೀಸು, ಮುಖದಲ್ಲಿ ದಸರೆ. ಜೀವನದಲ್ಲಿ ಮೊದಲ ಸಲ ಅವರು ಒಂದು ರಿಪೇರಿ ಮುಗಿಸಿದ್ದರು.

ಬಾಯಿಯವರು ಕೂತರು. ಗಾಜು ಏರಿಸಿದರು. ಎರಡನೇ ಸ್ಪೀಡಿಗೆ ತಿರುಗಿಸಿದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದರು. ಆಮೇಲೆ ಬಾಗಿಲು ತೆರೆದು ಇಳಿದರು.

“ಛಲೋ ಬೆಚ್ಚಗ ಅದರೀ,” ಎಂದು ಒಳಗೆ ಹೋದರು.

ಅಷ್ಟು ಒಳ್ಳೆಯ ಮಾತನ್ನು ಅಷ್ಟು ಸಪ್ಪಗೆ ಹೇಳಿದ್ದನ್ನು ರಾಯರು ಎಂದೂ ಕೇಳಿರಲಿಲ್ಲ.

7

ರಾಯರು ಹಿಂದೆಯೇ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. ಬಾಯಿಯವರು ಮೊದಲು ಏನಿಲ್ಲ ಅಂದರು. ಆಮೇಲೆ ಹೇಳಿದರು.

“ಆ ಫ್ಯಾನ್ ಗುಂಯ್ ಅಂತಿತ್ತಲ್ರೀ. ಎರಡನೇ ಸ್ಪೀಡಿನ್ಯಾಗ ಅದು ಬರೊಬ್ಬರಿ ಕರಿ ನಾಲ್ಕಕ್ಕ ನಿಲ್ತಿತ್ತು. ನನ್ನ ಸುರ. ಅದನ್ನ ಹಿಡಕೊಂಡ ನಾ ಹಾಡ್ತಿದ್ದೆ.”

ಹಾರ್ಮೋನಿಯಮ್ಮಿನ ನಾಲ್ಕನೇ ಕರಿ ಮನೆ. ಬಾಯಿಯವರು ಮೊದಲಿಂದಲೂ ಹಾಡುತ್ತಿದ್ದ ಶ್ರುತಿ ಅದು. ಮಂಕಿ ಕ್ಯಾಪಿನೊಳಗಿದ್ದ ರಾಯರಿಗೆ ಇದೆಲ್ಲಿ ಗೊತ್ತಾಗಬೇಕು!

(ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಇದೆಯಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. “ಅದು ಭಾಳ ಶುದ್ಧ ಇರ್ತದರೀ,” ಎಂದರು ಬಾಯಿಯವರು. “ಅದರ ಮುಂದ ಬಾಯಿ ತಗೀಲಿಕ್ಕೆ ನಾಚಿಕಿ ಬರ್ತದ. ಈ ಫ್ಯಾನ್ ಮೊದಲ ಸ್ವಲ್ಪ ಕೆಮ್ಮಿ, ತಡವರಿಸಿ, ಆಮ್ಯಾಲೆ ಸುರಕ್ಕ ಬರ್ತಿತ್ತು. ನನ್ನಂಗ.”)

ರಾಯರು ಅಂಗಳಕ್ಕೆ ಬಂದು ತುಳಸಿಕಟ್ಟೆಯ ಪಕ್ಕದ ಪಾತೇಲಿ ನೋಡಿದರು. ಸುರ ಅದರೊಳಗಿತ್ತು. ತಾವೇ ಚಿಮಟ ಹಿಡಿದು ಕಿತ್ತು ಹಾಕಿದ್ದರು. ಅಳು ಬಂತು, ಗ್ರೀಸಿನ ಕೈಯಿಂದ ಕಣ್ಣೊರೆಸಿಕೊಂಡದ್ದಕ್ಕೆ ಉರಿಯೂ ಬಂತು.

ಇಲ್ಲಿ ನಾನು ಕಥೆ ನಿಲ್ಲಿಸಬಹುದಿತ್ತು. ಕೈಗೂಡಿದ ರಿಪೇರಿಯೇ ಸೋಲಾಯಿತು, ವಿಷಾದ, ಮುಕ್ತಾಯ. ವಿಮರ್ಶಕರಿಗೆ ಇಷ್ಟವಾಗುತ್ತಿತ್ತು. ಫೈಲ್ ಮುಚ್ಚಲು ಹೋದೆ.

“ಏ, ತಡೀರಿ!” ಎಂದರು ರಾಯರು. “ಆ ಪಾತೇಲಿ ಇತ್ತಾಗ ತರ್ರಿ.”

ತಂದುಕೊಟ್ಟೆ. ಲೇಖಕನಾಗಿ ನಾನು ಮಾಡಿದ ಒಂದೇ ಉಪಯೋಗದ ಕೆಲಸ.

8

ಪುಣ್ಯಕ್ಕೆ ಫ್ಯಾನೊಂದನ್ನೇ ತೆಗೆಯಲು ಇಡೀ ಡ್ಯಾಶ್‌ಬೋರ್ಡು ಕೀಳಬೇಕಿಲ್ಲ. ಎಡಗಡೆ ಸಾಮಾನಿಡುವ ಖಾನೆ ತೆಗೆದರೆ ಕೈ ಹೋಗುತ್ತದೆ. ರಾಯರು ಒಂದು ಬನ್ನಿಕಡ್ಡಿ ಸಿಕ್ಕಿಸಿ ಫ್ಯಾನು ಹಾಕಿದರು.

“ಬಿಳಿ ಆರು,” ಎಂದರು ಬಾಯಿಯವರು ಹಿಂದಿನ ಸೀಟಿನಿಂದ. ಏರಿತು.

ಇನ್ನೊಂದು ಕಡ್ಡಿ. “ಬಿಳಿ ಐದು.” ಇಳಿಯಿತು. ಬೇಕಾದ ಕರಿ ನಾಲ್ಕು ಇವೆರಡರ ನಟ್ಟನಡುವೆ ಇತ್ತು. ಎಲೆ ಉದುರಿಸಿ ನೋಡಿದರು, ಮುಳ್ಳು ಮುರಿದು ನೋಡಿದರು. ಒಂದು ಸಲ ಫ್ಯಾನು ಬೆಕ್ಕಿನ ಹಾಗೆ ಅತ್ತಿತು, ಒಂದು ಸಲ ಪಾತೇಲಿಯ ಬಂಗಾರವನ್ನೆಲ್ಲ ರಾಯರ ಮುಖಕ್ಕೆ ಊದಿತು. ಬಾಯಿಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಗುವಾಗ ಧ್ವನಿ ಒಡೆದದ್ದು ಅವರ ಗಮನಕ್ಕೆ ಬರಲಿಲ್ಲ.

“ಏಕನಾಥರಾವ್! ಒಂದ್ ಕೂದಲೆಳಿ ಇಳದೈತ್ರೀ!”

ಕಂಪೌಂಡಿನ ಮೇಲೆ ಹೊಳೆಯಪ್ಪ ಮಾಸ್ತರರ ತಲೆ. ಬಾಯಿಯವರ ನಗು ನಿಂತಿತು.

“ಏನ್ ಇಳದದರೀ ಮಾಸ್ತರ?” ಎಂದು ಮೆಲ್ಲಗೆ ಕೇಳಿದರು.

“ನಿಮ್ಮ ಫ್ಯಾನ್ ರೀ ಬಾಯಾರ. ಮೊದಲ ಖರೇ ಕರಿ ನಾಲ್ಕರಾಗ ಇರ್ತಿತ್ತು. ನಾ ಏನ್ ದಿನಾ ಕೆರಿ ದಂಡಿಗೆ ವಾಕಿಂಗ್ ಬರಂಗಿಲ್ಲೇನು?”

ನಾನು ಏನು ಬರೆಯಬೇಕೋ ತಿಳಿಯದೆ ಕೀಬೋರ್ಡಿನ ಮೇಲಿನ ಧೂಳು ಒರೆಸಿದೆ. ಚಳಿಗಾಲದ ಉದ್ದಕ್ಕೂ ಮಾಸ್ತರರು ಕೇಳಿದ್ದರು! ಗಾಜಿನೊಳಗಿಂದ ಎಷ್ಟು ಸೋರುತ್ತದೋ ಅಷ್ಟು ಆ ಕಿವಿಗೆ ಸಾಕಾಗಿತ್ತು.

“ಮತ್ತ… ಒಮ್ಮೆಯೂ ತಿದ್ದಲಿಲ್ಲಲ್ರೀ ನೀವು?” ಎಂದರು ಬಾಯಿಯವರು.

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. “ಅದು ತಿದ್ದೂ ಹಾಡಲ್ಲರೀ ಬಾಯಾರ,” ಎಂದರು. ಕೂಡಲೇ ಸುಧಾರಿಸಿಕೊಂಡು, “ಆ ಎಡಗಡೆ ಎಲಿ ಒಂದ್ ಮುರೀರಿ, ಏಕನಾಥರಾವ್. ಅರ್ಧಾ. ಅರ್ಧಾ ಅಂದೆ!” ಎಂದು ಗದರಿದರು.

ಅರ್ಧ ಎಲೆ ಮುರಿದರು. ಫ್ಯಾನು ಕೆಮ್ಮಿತು, ತಡವರಿಸಿತು, ನಿಧಾನಕ್ಕೆ ಗುಂಯ್ ಎಂದು ನಿಂತಿತು. ಬಾಯಿಯವರೂ ಮಾಸ್ತರರೂ ಒಟ್ಟಿಗೆ ತಲೆದೂಗಿದರು.

ಏಕನಾಥರಾಯರಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಊರಿನ ಮಾಸ್ತರರು ಕೇಳಿದ್ದಾರೆ! ಗಂಡನಾದ ತಾನು ಮಾತು ಉಳಿಸಿಕೊಂಡು, ಉಣ್ಣೆಯಲ್ಲಿ ಕಿವಿ ಮುಚ್ಚಿಕೊಂಡು, ಬಾತುಕೋಳಿ ನೋಡುತ್ತ ಅಡ್ಡಾಡಿದ್ದೇ ಬಂತು.

9

ಈಗ ಅಂತ್ಯಗಳು. ಬೇಕಾದದ್ದು ಆರಿಸಿಕೊಳ್ಳಿ.

(ಅ) ಬಾಯಿಯವರ ಧ್ವನಿ ಪೂರ್ತಿ ಮರಳುತ್ತದೆ, ದೊಡ್ಡ ಸಭೆಯಲ್ಲಿ ಹಾಡುತ್ತಾರೆ, ವೇದಿಕೆಯ ಮೇಲೆ ತಂಬೂರಿಯ ಬದಲು ಕಾರು. “ಹುಚ್ಚಗಿಚ್ಚ ಹಿಡದದೇನ್ರೀ?” ಎಂದರು ಸುಲಭಾಬಾಯಿ.

(ಆ) ಕಾಯಿಲ್ ಮತ್ತೆ ಸೋರುತ್ತದೆ. “ನನ್ನ ಸಾಮಾನ್ ಸೋರಂಗಿಲ್ರೀ,” ಎಂದು ಉಸ್ಮಾನಸಾಬರು ಮೂರನೇ ಭಾಗದಿಂದಲೇ ಕೂಗಿದರು.

(ಇ) ಇದೆಲ್ಲ ಒಂದು ಕನಸು. ಇದಕ್ಕೆ ಯಾರೂ ಉತ್ತರ ಕೂಡ ಕೊಡಲಿಲ್ಲ.

4

(ಸೀಟಿನ ಕೆಳಗೆ ಸಿಕ್ಕಿತು. ಎಲ್ಲಿ ಕೂರಿಸಬೇಕೋ ತಿಳಿಯುತ್ತಿಲ್ಲ, ಇಲ್ಲಿ ಇಡುತ್ತೇನೆ.)

ಆಪರೇಶನ್ನಿನ ಹಿಂದಿನ ದಿನ ಆಸ್ಪತ್ರೆಯ ಮಂಚದ ಮೇಲೆ ಕೂತು ಸುಲಭಾಬಾಯಿ ಕೇಳಿದ್ದರು. “ಧ್ವನಿ ಹೋತಂದ್ರ ಏನ್ ಮಾಡ್ತೀರಿ?”

“ರಿಪೇರಿ ಮಾಡ್ತೇನಿ,” ಎಂದಿದ್ದರು ರಾಯರು.

ಬಾಯಿಯವರಿಗೆ ಅಂಗಳದ ಲೈಟು ನೆನಪಾಯಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನರ್ಸು ಬಂದು ಗದರಿಸಿ ಹೋದಳು.

10 ಇರಬೇಕು, ಅಥವಾ 11

ಮರುದಿನ ನಸುಕು, ಕೆಲಗೇರಿಯ ದಂಡೆ. ರಾಯರು ಕಾರು ನಿಲ್ಲಿಸಿದರು, ಎಂಜಿನ್ ಹಾಗೇ ಬಿಟ್ಟು ಇಳಿದರು, ಮಂಕಿ ಕ್ಯಾಪ್ ಎಳೆದುಕೊಂಡರು. ಗಾಜುಗಳು ಏರಿದವು. ರೂಢಿಯಂತೆ ರಾಯರು ದೂರಕ್ಕೆ ಹೊರಟರು. ನಾನೂ ಹಿಂದೆ ಹೊರಟೆ.

ಹಿಂದೆ ಗಾಜು ಇಳಿಯುವ ಸಪ್ಪಳವಾಯಿತು. ಪೂರ್ತಿ ಅಲ್ಲ, ಒಂದು ಗೇಣು.

“ಏನ್ರೀ,” ಎಂದರು ಸುಲಭಾಬಾಯಿ. “ಆ ಟೊಪ್ಪಿಗಿ ತಗೀರಿ.”

ರಾಯರು ನಿಂತರು. ಟೊಪ್ಪಿಗೆ ತೆಗೆದರು. ಎದ್ದು ನಿಂತ ಬಿಳಿ ಕೂದಲು, ಚಳಿಗೆ ಕೆಂಪಾದ ಕಿವಿ. ಒಂದೊಂದೇ ಹೆಜ್ಜೆ ಇಟ್ಟು ಕಾರಿನ ಹತ್ತಿರ ಹೋಗತೊಡಗಿದರು. ನಾನು ಪೆನ್ನು ತೆಗೆದೆ. ಎಷ್ಟು ಹೊತ್ತಿನಿಂದ ಕಾದಿದ್ದ ಜಾಗ ಇದು! ಆ ಧ್ವನಿ ಹೇಗಿದೆ, ಮೇಲಿನ ಷಡ್ಜ ಮುಟ್ಟಿತೇ, ಒಡೆಯಿತೇ, ಎಲ್ಲವನ್ನೂ ನಿಮಗೆ ಹೇಳಬೇಕು.

ರಾಯರು ತಿರುಗಿ ನನ್ನನ್ನು ನೋಡಿದರು.

“ಲೇಖಕರ, ನೀವು ಹೋಗ್ರಿ ಇನ್ನ,” ಎಂದರು. ಸಿಟ್ಟಿನಿಂದಲ್ಲ. “ಓದೋರನ್ನೂ ಕರ್ಕೊಂಡ ಹೋಗ್ರಿ.”

“ಕಥಿ ಮುಗಿಸ್ಬೇಕಲ್ರೀ ನಾನು?”

“ನೀವು ಯಾವಾಗ ಏನ್ ಮುಗಿಸೀರಿ?” ಎಂದು ಮಂಕಿ ಕ್ಯಾಪನ್ನು ನನ್ನ ಕೈಯಲ್ಲಿ ಇಟ್ಟರು. ಇನ್ನೂ ಬೆಚ್ಚಗಿತ್ತು.

ಹಾಕಿಕೊಂಡೆ. ಕಿವಿ ಪೂರ್ತಿ ಮುಚ್ಚುತ್ತದೆ, ಏನೂ ಕೇಳಿಸುವುದಿಲ್ಲ. ಬರ್ರಿ, ನೀವೂ ಬರ್ರಿ, ಆ ಕಡೆ ಬಾತುಕೋಳಿ ಇವೆ.